ಮುಖಕ್ಕೆ ಬಿಟ್ಟ ಜಾಗ

...ಅದೆಲ್ಲ ಇರಲಿ, ಈ ಹಾಳೇನ ನಾನು ಸರಿಯಾಗಿ ಹಿಡ್ಕೊಂಡಿದೀನಾ, ತಲೆಕೆಳಗಾಗಿ ಹಿಡ್ಕೊಂಡಿದೀನಾ, ಮೊದಲು ಅದನ್ನ ಹೇಳು ಕದಿರೇಶ. ಹಿಂಗಾ? ಇಲ್ಲ ಹಿಂಗಾ? ನಗಬೇಡ ಕಣೋ. ತಮಾಷೆಗೆ ಕೇಳ್ತಿಲ್ಲ. ಹೆಂಗೆ ಹಿಡಿದ್ರೂ ಒಂದೇ ಥರ ಕಾಣ್ತಿದೆ, ಅದಕ್ಕೆ ಕೇಳ್ದೆ.

ನಾನು ಏನು ಕೇಳಿದ್ದೆ ನಿನ್ನ? ನನ್ನ ಹೆಂಡ್ತಿ ಮುಖ ಬರೆದು ಕೊಡು ಅಂದೆ. ನಾಳೆ ಬೆಳಗ್ಗೆ ಶ್ರೀನಿವಾಸಪುರದಲ್ಲಿ ನಮ್ಮ ಕೂಲಿ ಸಂಘದ ಕೋಣೆ ಬಾಗಿಲು ತೆಗೀತೀವಿ, ಒಳಗೆ ಕಾಲಿಟ್ಟ ತಕ್ಷಣ ಎದುರು ಗೋಡೆ ಮೇಲೆ ಮುನಿಯಲ್ಲಮ್ಮನ ಪಟ ಇರ್ಬೇಕು, ಮೊಳೆ ಕೂಡ ಹೊಡೆದಿಟ್ಟು ಬಂದಿದೀನಿ ಅಂದೆ. ನೀನು ಹೂಂ ಅಂದೆ. ಹೂಂ ಅಂದ್ಯೋ ಇಲ್ವೋ? ಈಗ ಕೋಲಾರದ ಬಿಸಿಲಲ್ಲಿ ಬಸ್ಸಿಳಿದು, ಈ ಫೋಟೋ ಸ್ಟುಡಿಯೋ ಹಿಂದಿರೋ ನಿನ್ನ ಗೂಡಿಗೆ ಬೆವರು ಸುರಿಸ್ಕೊಂಡು ಬಂದ್ರೆ, ಕೈಗೆ ಏನು ಕೊಟ್ಟೆ? ಒಂದು ಗೆರೆ.

ನೋಡು. ಎಡಗಡೆ ಅಂಚಿಂದ ಒಳಗೆ ಬಂತು. ದಪ್ಪಗೆ, ಭಾರಿ ಧೈರ್ಯವಾಗಿ ಬಂತು. ಸ್ವಲ್ಪ ದೂರ ಬಂದು ಬಗ್ಗಿತು. ಆಮೇಲೆ ಸಣ್ಣಗಾಗ್ತಾ, ಸಣ್ಣಗಾಗ್ತಾ... ನಿಂತುಹೋಯ್ತು. ಅಷ್ಟೇ. ಮಿಕ್ಕಿದ್ದೆಲ್ಲ ಬಿಳಿ. ಏನಾಯ್ತು, ಶಾಯಿ ಮುಗೀತಾ? ಹೇಳಿದ್ರೆ ಬರೋವಾಗ ಒಂದು ಬಾಟ್ಲು ತರ್ತಿದ್ದೆ.

ಮುಕ್ಕಾಲು ಹಾಳೆ ಬೀಳು ಬಿಟ್ಟಿದೀಯಲ್ಲೋ. ಜಮೀನ್ದಾರನಾ ನೀನು? ನಮ್ಮ ಜನ ಗೋಮಾಳದಲ್ಲಿ ಒಂದು ಗುಡಿಸ್ಲು ಹಾಕೋ ಜಾಗಕ್ಕೆ ತಾಲ್ಲೂಕು ಕಚೇರಿ ಮೆಟ್ಟಿಲ ಮೇಲೆ ಮಲಗಿ ಏಳ್ತಾರೆ. ಅರ್ಜಿ ಹಿಡ್ಕೊಂಡು ಮುದುಕರಾಗ್ತಾರೆ. ನೀನು ಇಷ್ಟಗಲ ಜಾಗಾನ ಖಾಲಿ ಬಿಟ್ಟು, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದೀಯ. ಉಳದೇ ಇರೋ ಭೂಮಿಗೆ ಒಡೆಯ ಇಲ್ಲ ಅಂತ ನಾವು ಗೋಡೆಗೋಡೆ ಮೇಲೂ ಬರೆದಿದ್ದು ಮರೆತೋಯ್ತಾ? ನೀನೇ ಬರೆದಿದ್ದು ಕಣೋ ಅದನ್ನ. ಮುಳಬಾಗಿಲಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ. ಒಂದೊಂದು ಅಕ್ಷರ ಎಮ್ಮೆ ಗಾತ್ರ ಇತ್ತು.

ಇದೆಲ್ಲ ಆ ಬೆಂಗಳೂರು ಚಿತ್ರಕಲೆ ಶಿಬಿರದ್ದು. ನನಗೆ ಗೊತ್ತು. ಹೋಗೋವಾಗ ಮನುಷ್ಯನಾಗಿ ಹೋದೆ, ಬರೋವಾಗ ಗಡ್ಡ ಬಿಟ್ಕೊಂಡು ಬಂದೆ. ಅಲ್ಲಿ ಏನು ಹೇಳಿಕೊಟ್ರು? ಗೆರೆ ಮಾತಾಡುತ್ತೆ, ಖಾಲಿ ಜಾಗ ಕೇಳಿಸ್ಕೊಳ್ಳುತ್ತೆ ಅಂತಲಾ? ಅಲ್ಲಿ ಇಂಥದ್ದನ್ನ ಗೋಡೆಗೆ ನೇತುಹಾಕಿ, ಕೈ ಹಿಂದೆ ಕಟ್ಕೊಂಡು ನಿಂತು, ಆಹಾ ಅಂತಾರಂತೆ. ಹೊಟ್ಟೆ ತುಂಬಿದೋರು. ಅವರಿಗೆ ಖಾಲಿ ಅನ್ನೋದು ನೋಡೋ ವಸ್ತು. ನಮ್ಮೋರಿಗೆ ಖಾಲಿ ಅಂದ್ರೆ ಮಡಕೆ ಖಾಲಿ. ಇದನ್ನ ತಗೊಂಡು ಹೋಗಿ ನಮ್ಮೂರ ಹೆಂಗಸರ ಮುಂದೆ ಹಿಡಿ. ಟೊಮೇಟೊ ಕೀಳೋಳು ಗೂಟಕ್ಕೆ ಕಟ್ಟೋ ದಾರ ಅಂತಾಳೆ. ರೇಷ್ಮೆ ಬಿಚ್ಚೋಳು, ಎಳೆ ಕಿತ್ತೋಯ್ತಲ್ಲಪ್ಪಾ ಜೋಡಿಸ್ಕೊಡ್ಲಾ ಅಂತಾಳೆ. ಗಂಗುಲಪ್ಪ ಹೆಂಡ್ತಿ ಪಟ ತರ್ತೀನಿ ಅಂತ ಊರೆಲ್ಲ ಸಾರಿ, ದಾರದ ತುಂಡು ತಂದ ಅಂತಾರೆ.

ನಾನು ಇಸ್ಕೂಲು ಕಂಡೋನಲ್ಲ, ನನಗೆ ಅರ್ಥ ಆಗಲ್ಲ, ಅಷ್ಟೇ ತಾನೇ? ಹೌದು ಕಂಡೋನಲ್ಲ. ಮಾಲೂರಿಂದ ಮುಳಬಾಗಿಲವರೆಗೂ ನಿನ್ನ ಹಿಂದೆ ಕೆಮ್ಮಣ್ಣಿನ ಡಬ್ಬ ಹಿಡ್ಕೊಂಡು ನಿಂತು, ನೀನು ಬರೆಯೋ ಅಕ್ಷರ ನೋಡಿ ನೋಡಿ ಓದೋದು ಕಲ್ತೋನು ನಾನು. ನಾನು ಮೊದಲು ಓದಿದ್ದು 'ಕೂಲಿ'. ಆಮೇಲೆ 'ಕೊಡಿ'. ಆಗ ನಿನ್ನ ಗೆರೆಗೆ ಮರ್ಯಾದೆ ಇತ್ತು ಕಣೋ. ಗೋಡೆ ಮೇಲೆ ನಿಂತ್ಕೊಂಡು ದಾರೀಲಿ ಹೋಗೋರ ಕುತ್ತಿಗೆ ಹಿಡ್ದು ಮಾತಾಡೋದು. ಈಗ ನೋಡು, ಬಂತು, ಬಗ್ಗಿತು, ಸಣ್ಣಗಾಯ್ತು, ಸತ್ತೋಯ್ತು.

ಹೋಗಲಿ, ನಿನಗೆ ಮುಖ ಬರೆಯೋಕೆ ಬರಲ್ವಾ? ಬರುತ್ತೆ. ಹೊಟ್ಟೆಪಾಡೇ ಅದು ನಿಂದು. ಬದುಕಿದ್ದಾಗ ಒಂದು ಫೋಟೋನೂ ತೆಗೆಸ್ಕೊಳ್ದೆ ಸತ್ತೋರ ಮುಖ ಮಾಡಿಕೊಡೋದು. ಮನೆಯೋರು ಬಂದು ಸಾಲಾಗಿ ಕೂರ್ತಾರೆ. ಮಗನ ಹುಬ್ಬು ತಗೋತೀಯ, ತಂಗಿ ಗಲ್ಲ ತಗೋತೀಯ, ಕಿವಿ ಯಾರದ್ದಾದ್ರೂ ಆಯ್ತು. ಎಲ್ಲ ಸೇರಿಸಿ ಕಲಸಿದ್ರೆ ತಿಥಿ ಹೊತ್ತಿಗೆ ಹಾರ ಹಾಕೋಕೆ ಒಬ್ಬ ಮನುಷ್ಯ ತಯಾರು.

ಸುಗಟೂರಿನ ಆವಲಪ್ಪನ ಪಟ ನೆನಪಿದೆಯಾ? ನಗ್ತಿದೀಯ, ನೆನಪಿದೆ. ದೊಡ್ಡ ಮಗನ್ನ ಕೂರಿಸ್ಕೊಂಡು ಬರೆದೆ. ಮೀಸೆಗೆ ಬಿಳಿ ಬಳಿದೆ, ತಲೆಗೆ ಪೇಟ ಸುತ್ತಿದೆ. ಅವರಮ್ಮ ನೋಡಿದ್ದೇ ತಡ, ಬದುಕಿರೋ ಮಗನಿಗೆ ಹಾರ ಹಾಕಿಸ್ತಿದೀರೇನ್ರೋ ಅಂತ ಎದೆ ಬಡ್ಕೊಂಡ್ಲು. ಆ ಮಗ ಪಟದ ಪಕ್ಕಕ್ಕೆ ಹೋಗಿ ನಿಂತು, ನೋಡಮ್ಮಾ ನಾನು ಇಲ್ಲಿದೀನಿ, ಅದು ನಾಯನ, ನಮ್ಮಪ್ಪ ಅಂತ ಸಮಾಧಾನ ಮಾಡ್ಬೇಕಾಯ್ತು. ಆದ್ರೂ ಗೋಡೆಗೆ ಹಾಕಿದ್ರೋ ಇಲ್ವೋ? ಹೋದ ತಿಂಗಳು ಹೋಗಿದ್ದೆ ಅವರ ಮನೆಗೆ. ಅದೇ ಮುದುಕಿ ಪಟ ತೋರಿಸಿ, ನಮ್ಮೆಜಮಾನ್ರು ಹಿಂಗೇ ಇದ್ರಪ್ಪ, ಇದೇ ಮೂಗು ಅಂದ್ಲು. ಅಷ್ಟೇ ಕಣೋ ಮುಖ ಅಂದ್ರೆ. ಗೋಡೆ ಮೇಲೆ ಹಾಕಿದ್ದೇ ಮುಖ. ನಾಲ್ಕು ವರ್ಷ ಊದುಬತ್ತಿ ಹಚ್ಚಿದ್ರೆ ಅದೇ ಗಂಡ, ಅದೇ ಅಪ್ಪ.

ಅಂಥ ಆವಲಪ್ಪನಿಗೆ ಮೂಗು, ಕಣ್ಣು, ಪೇಟ. ನನ್ನ ಹೆಂಡ್ತಿಗೆ ದಾರ.

ಏನು? ಯಾರನ್ನ ಕೂರಿಸ್ಕೊಳ್ಲಿ ಅಂತೀಯಾ? ಮುನಿಯಲ್ಲಮ್ಮನ ಒಡಹುಟ್ಟಿದೋಳಿದಾಳಲ್ಲ, ಆಂಜಿನಮ್ಮ, ರಾಯಲ್ಪಾಡಲ್ಲಿ. ಹೋಗಿ ಬಾ ಅಂತ ನಾನೇ ಕಳಿಸಿದ್ದೆ ನಿನ್ನ. ಹೋಗಿದ್ಯಾ? ಹೋಗಿದ್ದೆ... ಏನಂದ್ಲು? ಹೇಳು, ನಾಚ್ಕೋಬೇಡ, ಅವಳ ಬಾಯಿ ನನಗೇನು ಹೊಸದಾ?

"ತಾಳಿ ಕಟ್ಟಿನೋಣ್ಣಿ ಅಡುಗು ಪೋ." ತಾಳಿ ಕಟ್ಟಿದೋನ್ನ ಹೋಗಿ ಕೇಳು ಅಂದ್ಲಾ? ಅಷ್ಟೇನಾ? ಬಾಗಿಲು ಹಾಕ್ಕೊಂಡ್ಲಾ? ಒಂದು ಲೋಟ ನೀರೂ ಕೊಡ್ಲಿಲ್ವಾ? ಹೂಂ. ಅವಳು ಹಂಗೇ. ಅಕ್ಕನ್ನ ನಿಮ್ಮ ಸಂಘ ನುಂಗ್ತು ಅಂತ ನನ್ನ ಮುಖದ ಮೇಲೇ ಅಂದೋಳು. ಹೊಲದ ಬದು, ಕೋಳಿ, ಮಕ್ಕಳು, ಇಷ್ಟೇ ಅವಳ ಪ್ರಪಂಚ. ಅಂಥೋರಿಂದ ತಾನೇ ಈ ತಾಲ್ಲೂಕಲ್ಲಿ ಇನ್ನೂ ಕೂಲಿ ಹೆಚ್ಚಾಗ್ದೆ ಇರೋದು.

ಅವಳು ಕೂರ್ದಿದ್ರೆ ಏನಂತೆ. ನಾನು ಹೇಳಿಲ್ವಾ? ಇದೇ ಸ್ಟೂಲ್ ಮೇಲೆ ಕೂತು ಬಾಯಿ ಒಣಗೋವರೆಗೂ ಹೇಳ್ದೆ. ಎಮರ್ಜೆನ್ಸೀಲಿ ನಾನು ಒಳಗಿದ್ದಾಗ ಪೊಲೀಸ್ರು ಮನೆ ಜಾಲಾಡೋಕೆ ಬಂದ್ರು. ಸಂಘದ ಕರಪತ್ರದ ಕಟ್ಟು ಮನೇಲೇ ಇತ್ತು. ಅದನ್ನ ಗುಡಾಣದೊಳಗೆ ತುರುಕಿ, ಮೇಲೆ ರಾಗಿ ಸುರಿದು, ಹಾಲು ಕುಡಿಯೋ ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಅದಕ್ಕೇ ಒರಗಿ ಕೂತ್ಲು. ಹುಡುಕಿ ಸ್ವಾಮಿ, ಮಗು ಮಲಗಿದೆ ಸದ್ದು ಮಾಡ್ಬೇಡಿ ಅಂದ್ಲು. ಇನ್ಸ್‌ಪೆಕ್ಟರ್ ಬೂಟು ಬಿಚ್ಚಿ ಹುಡುಕಿದ್ನಂತೆ. ಹೇಳಿದೀನೋ ಇಲ್ವೋ ಇದನ್ನ? ಆಮೇಲೆ ಜ್ವರ ಬಂತು, ತೀರ್ಕೊಂಡ್ಲು, ನನಗೆ ಜೈಲಲ್ಲಿ ಸುದ್ದಿ ಮುಟ್ಟೋ ಹೊತ್ತಿಗೆ ಮಣ್ಣಾಗಿತ್ತು. ಅದನ್ನೂ ಹೇಳ್ದೆ.

ಏನಂದೆ? ಜೋರಾಗಿ ಹೇಳು.

ಅದರಲ್ಲಿ ಮುಖ ಎಲ್ಲಿದೆ ಅಂತ ಕೇಳ್ತೀಯಾ?

ಭಾರಿ ಕೇಳಿದೆ ಬಿಡು. ಆ ಮಾತನ್ನ ಎಷ್ಟು ವೇದಿಕೆ ಮೇಲೆ ಹೇಳಿದೀನಿ ಗೊತ್ತಾ? ಮಾವಿನ ಮಂಡಿ ಮುಂದೆ ಹೇಳಿದೀನಿ, ಕೋಲಾರದ ಮೈದಾನದಲ್ಲಿ ಹೇಳಿದೀನಿ. ಹೆಂಗಸರು ಕಣ್ಣೊರೆಸ್ಕೊಂಡಿದಾರೆ. ಚಪ್ಪಾಳೆ ಹೊಡೆದಿದಾರೆ. ಒಬ್ಬನೂ, ಒಬ್ಬಳೂ ಎದ್ದು ನಿಂತು, ಗಂಗುಲಪ್ಪಾ ಮುಖ ಎಲ್ಲಿ ಅಂತ ಕೇಳಿಲ್ಲ. ನೀನೊಬ್ಬ ಬಂದೆ ಕೇಳೋಕೆ, ಶಿಬಿರದಲ್ಲಿ ಓದ್ಕೊಂಡು ಬಂದೋನು.

ಅದಿರಲಿ, ನೀನೂ ನೋಡಿದೀಯಲ್ಲೋ ಅವಳನ್ನ. ನಮ್ಮನೇಲಿ ಉಂಡಿಲ್ವಾ ನೀನು? ಗೋಡೆ ಬರೆದು ಬಂದು, ಜಗಲಿ ಮೇಲೆ ಕೂತು, ಮುದ್ದೆ ಮುರಿದಿಲ್ವಾ? ಅವಳ ಹುರುಳಿ ಸಾರಿಗೆ ಬೆರಳು ಚೀಪ್ತಿದ್ಯಲ್ಲ. ಈಗ ನೋಡಿಲ್ಲ ಅಂದ್ರೆ...

ಕೈ?

ಕೈ ಮಾತ್ರ ಅಂದ್ರೆ ಏನೋ? ಬಾಗಿಲ ಹಿಂದಿಂದ ತಟ್ಟೆ ಚಾಚೋಳು, ಕೈ ಮಾತ್ರ ಕಾಣೋದು... ನೀನು ಪರಗಂಡಸು ಅಂತ ಅವಳು ಹೊರಗೆ ಬರ್ತಿರಲಿಲ್ಲ. ಹೂಂ, ಬರ್ತಿರಲಿಲ್ಲ. ನಾನೂ ಬಾ ಅಂತ ಕರೀತಿರಲಿಲ್ಲ.

ಓ. ಹಂಗಾದ್ರೆ ಇದು ಅದಾ?

ತಡಿ, ತೋರಿಸ್ಬೇಡ, ನಾನೇ ನೋಡ್ತೀನಿ. ಈ ಅಂಚು ಅಂದ್ರೆ ಬಾಗಿಲು. ಇಲ್ಲಿಂದ ಬಂತು ತೋಳು. ಈ ಬಗ್ಗಿರೋದು ಮೊಣಕೈ. ಇಲ್ಲಿ ಸಣ್ಣಗಾಗಿ ನಿಂತಿರೋದು ಬೆರಳ ತುದಿ. ತಟ್ಟೆ ಎಲ್ಲೋ? ತಟ್ಟೇನೂ ಬರೆದಿಲ್ಲ. ತಟ್ಟೆ ನೀನು ಇಸ್ಕೊಂಡೆ, ಆಮೇಲೆ ಉಳಿದಿದ್ದು ಇದು ಅಂತಾನಾ? ಬಳೇನೂ ಇಲ್ಲ. ಭಾರಿ ಜಿಪುಣ ನೀನು ಶಾಯಿಗೆ.

ಸರಿ, ಕೈ ಅಂತ ಒಪ್ಕೊಂಡೆ. ಮಿಕ್ಕಿದ್ದು? ನೋಡಿಲ್ಲ, ಅದಕ್ಕೆ ಬಿಟ್ಟೆ. ಕಾಣದೇ ಇದ್ದಿದ್ದನ್ನ ಬರೆಯಲ್ಲ ಅಂತೀಯಾ. ಓಹೋಹೋ. ದೊಡ್ಡ ಸತ್ಯವಂತ. ಆವಲಪ್ಪನ್ನ ಕಂಡಿದ್ಯೇನೋ ನೀನು? ಊರೂರಿನ ಹೆಣಗಳಿಗೆಲ್ಲ ಅವರಿವರ ಮೂಗು ಅಂಟಿಸೋವಾಗ ಈ ಸತ್ಯ ಎಲ್ಲಿತ್ತು? ಅವರು ಗಿರಾಕಿಗಳು, ನಾನು ಅಣ್ಣ ಅಂತೀಯಾ? ಚೆನ್ನಾಗಿದೆ ಕಣೋ ನಿನ್ನ ನ್ಯಾಯ. ಗಿರಾಕಿಗೆ ಸುಳ್ಳು ಮುಖ, ಅಣ್ಣನಿಗೆ ಬರೀ ಹಾಳೆ. ನಾನೂ ಗಿರಾಕೀನೇ ಅಂದ್ಕೊ. ನನಗೂ ಒಂದು ಸುಳ್ಳು ಮಾಡಿಕೊಡು, ಬಸ್ಸಿಗೆ ಹೊತ್ತಾಗ್ತಿದೆ.

ಯಾಕೆ ಬೇಕು ಅಂತ ಕೇಳೋಕೆ ನೀನ್ಯಾರು? ಇಷ್ಟು ವರ್ಷ ಮುಷ್ಟಿ, ಕುಡುಗೋಲು ಬಿಟ್ಟು ಬೇರೆ ಏನೂ ಬರೆಸದೋನು, ಪಟಕ್ಕೆ ಹಾರ ಹಾಕೋರನ್ನೆಲ್ಲ ಬೈಕೊಂಡು ತಿರುಗಿದೋನು, ಈಗ ಯಾಕೆ ಮುಖ ಅಂತಾನಾ? ಸಂಘ ಕೇಳ್ತು. ಜನ ಕೇಳಿದ್ರು. ಜನಕ್ಕೆ ಬಾವುಟ ಒಂದೇ ಸಾಲಲ್ಲ ಕಣೋ, ಕೈ ಮುಗಿಯೋಕೆ ಒಂದು ಮುಖ ಬೇಕು. ಇದು ನಿನ್ನ ಶಿಬಿರದಲ್ಲಿ ಹೇಳಿಕೊಟ್ಟಿರಲ್ಲ.

ಸಂಘದಲ್ಲಿ ಯಾರು ಕೇಳಿದ್ದು? ಯಾರು ಅಂದ್ರೆ... ಮುನಿಶಾಮಿ ಕೇಳ್ದ. ಕಾರ್ಯದರ್ಶಿ ಅಲ್ವಾ ಅವನು, ಅವನೇ ಕೇಳ್ದ.

ಯಾವಾಗ ಸಿಕ್ಕಿದ್ದ ನಿನಗೆ ಮುನಿಶಾಮಿ? ಮೊನ್ನೆ? ಇಲ್ಲಿಗೇ ಬಂದಿದ್ನಾ? ಏನಂದ?

ಪಟ ಗಿಟ ಏನೂ ಬೇಡ, ಬಾವುಟ ಬರೆದು ಕೊಡು ಸಾಕು ಅಂದ್ನಾ.

ಸರಿ. ಮುನಿಶಾಮಿ ಕೇಳಿಲ್ಲ. ಸಂತೋಷನಾ? ಪೊಲೀಸ್ ಇಲಾಖೆಗೆ ಸೇರ್ಕೊಳೋ ಹೋಗು, ಗಡ್ಡ ತೆಗೆದ್ರೆ ತಗೋತಾರೆ.

ಮಗು ಬರ್ತಾಳೆ ಕಣೋ ನಾಳೆ. ಶಾಮಲಿ. ಆಂಜಿನಮ್ಮನ ಮನೇಲಿ ಬೆಳೀತಿದಾಳಲ್ಲ. ಅವಳಿಗೆ ಅವ್ವನ ನೆನಪು ಹೆಂಗಿರುತ್ತೆ, ತೊಡೆ ಮೇಲಿದ್ಲು ಆಗ. ಹೋದ ಸಲ ರಾಯಲ್ಪಾಡಿಗೆ ಹೋದಾಗ ಬಸ್‌ಸ್ಟಾಪಿನವರೆಗೂ ಜೊತೇಲಿ ನಡ್ಕೊಂಡು ಬಂದ್ಲು. ಬಸ್ಸು ದೂರದಲ್ಲಿ ಕಾಣಿಸ್ತು, ಆಗ ಕೇಳಿದ್ಲು. ನಾಯನಾ, ಅಮ್ಮ ನೋಡೋಕೆ ಹೆಂಗಿದ್ಲು ಅಂತ. ಪಟ ಮಾಡಿಸ್ತಿದೀನಿ, ಶ್ರೀನಿವಾಸಪುರಕ್ಕೆ ಬಾ, ನೋಡುವಂತೆ ಅಂದೆ. ಅಷ್ಟೇ. ಏನು ತಪ್ಪಿದೆ ಅದರಲ್ಲಿ?

ಬಾಯಲ್ಲಿ ಹೇಳ್ಬಹುದಿತ್ತಾ? ಬಸ್ಸು ಬಂತು ಅಂದ್ನಲ್ಲ. ಬಸ್ಸು ನಿಲ್ಲಿಸ್ಕೊಂಡು ವರ್ಣನೆ ಮಾಡ್ಲಾ?

ಆಂಜಿನಮ್ಮ ಹೇಳಲ್ವಂತೆ ಅವಳಿಗೆ. ಕೇಳಿದಾಗಲೆಲ್ಲ, ನಿಮ್ಮ ನಾಯನನ್ನ ಕೇಳು, ಭಾಷಣ ಮಾಡ್ತಾನಲ್ಲ, ಚೆನ್ನಾಗಿ ಹೇಳ್ತಾನೆ ಅಂತಾಳಂತೆ. ನೋಡು ಅವಳ ವಿಷ. ಮಗು ಮುಂದೆ.

ಏನು ಮಾಡ್ತಿದೀಯ? ಯಾಕೆ ಬಾಟ್ಲು ಮುಚ್ಚಳ ತೆಗೀತೀಯ? ಹೊಸ ಹಾಳೆ ತಗೊಳೋ. ಇದರಲ್ಲೇನಾ? ಈ ಬಿಳಿ ಜಾಗದಲ್ಲಾ? ನಾನು ಹೇಳ್ಲಿ ಅಂತ ಬಿಟ್ಟಿದ್ದಾ ಇಷ್ಟೂ ಜಾಗ? ಅದನ್ನ ಮೊದಲೇ ಹೇಳೋಕೆ ಏನು ಧಾಡಿ ನಿನಗೆ? ಇಷ್ಟೊತ್ತು ಸುಮ್ನೆ ಬೈಸ್ಕೊಂಡು ಕೂತಿದ್ದೆ.

ಸರಿ, ಹೇಳ್ತೀನಿ. ಬರ್ಕೋ.

ಮುಖ ದುಂಡಗೆ. ದುಂಡಗೆ ಅಂದ್ರೆ ತೀರಾ ದುಂಡಗಲ್ಲ. ಸ್ವಲ್ಪ ಕೋಲು ಮುಖ. ದುಂಡಾ ಕೋಲಾ ಅಂದ್ರೆ... ಎರಡರ ಮಧ್ಯೆ. ಎಲ್ಲಾ ಹೆಂಗಸರಿಗೂ ಇರುತ್ತಲ್ಲ, ಹಂಗೆ. ಬಣ್ಣ ಕಪ್ಪು. ನಿನ್ನ ಶಾಯೀನೂ ಕಪ್ಪೇ, ಅಲ್ಲಿಗೆ ಒಂದು ಕೆಲಸ ಆಯ್ತು. ಕಣ್ಣು ದೊಡ್ಡವು. ಯಾಕೆ ಬರೀತಿಲ್ಲ? ದೊಡ್ಡ ಕಣ್ಣು ಬರೆಯೋಕೆ ಬರಲ್ವಾ? ಇಲ್ಲಿಗೆ ಬರೋ ಗಂಡಂದಿರೆಲ್ಲ ಕಣ್ಣು ದೊಡ್ಡವು ಅಂತಲೇ ಹೇಳ್ತಾರಾ? ಹೇಳ್ಲಿ ಬಿಡು. ನನಗೂ ಅವರಿಗೂ ಏನು ಸಂಬಂಧ.

ಹಂಗೆ ನೋಡ್ಬೇಡ. ನಿನಗೇನು ಗೊತ್ತು ನಮ್ಮ ಸಂಸಾರ. ಮದುವೇಲಿ ಬಾಸಿಂಗ ಕಟ್ಟಿದ್ರು, ಹೂವಿನ ಹಿಂದೆ ಯಾರಿದಾರೆ ಅಂತ ಯಾರಿಗೆ ಕಾಣುತ್ತೆ. ಆಮೇಲೆ ನಾನು ಮನೇಲಿದ್ದಿದ್ದಾದ್ರೂ ಎಷ್ಟು. ಹೊತ್ತು ಹುಟ್ಟೋ ಮುಂಚೆ ಹೊರಟುಬಿಡ್ತಿದ್ದೆ, ಊರು ಮಲಗಿದ ಮೇಲೆ ಬರ್ತಿದ್ದೆ. ಬುಡ್ಡಿ ಹಚ್ಚಬೇಡ, ಬೆಳಕು ಕಂಡ್ರೆ ನಾನು ಬಂದಿದೀನಿ ಅಂತ ಪೊಲೀಸ್ರಿಗೆ ಗೊತ್ತಾಗುತ್ತೆ ಅಂತ ನಾನೇ ಹೇಳಿದ್ದೆ. ಅವಳು ಹಚ್ತಿರಲಿಲ್ಲ. ಹೇಳಿದ ಮಾತು ಮೀರ್ತಿರಲಿಲ್ಲ. ಯಾರಾದ್ರೂ ಬಂದು ಕಾಯ್ತಿದ್ರೆ ಒಳಗಿಂದ ಕೆಮ್ಮೋಳು. ನಾನು ಹಿತ್ತಲ ಬೇಲಿಯಿಂದ ಹಂಗೇ ವಾಪಸ್. ಆ ಕೆಮ್ಮು ಕೇಳು, ಹೇಳ್ತೀನಿ. ಜಾತ್ರೇಲಿ ಕೆಮ್ಮಿದ್ರೂ ಇದು ನಮ್ಮವಳದು ಅಂತ ಹೇಳ್ತೀನಿ. ಬರಿ ನೋಡೋಣ. ಕೆಮ್ಮು ಬರಿ. ಬರುತ್ತಾ ನಿನ್ನ ಗೆರೆಗೆ? ಬರಲ್ಲ. ಮತ್ತೆ ಏನು ಕಲೆ ನಿಂದು.

ನನಗೆ ಗುರುತಿಲ್ಲ ಅಂತ ಅಂದ್ಕೋತಿದೀಯ. ಎಲ್ಲಾ ಗುರುತಿದೆ. ಮೂಗುಬೊಟ್ಟಿತ್ತು. ಹೂಂ, ಅದನ್ನ ಹಾಕು ಮೊದಲು. ಬಿಳಿ ಕಲ್ಲಿನದು, ಒಂದೇ ಕಲ್ಲು. ಮಗು ನೋಡಿದ ತಕ್ಷಣ ಅದೇ ಕಾಣ್ಬೇಕು.

ಯಾವ ಕಡೆ? ಬಲಗಡೆ.

ತಡಿ, ಇಡಬೇಡ ಇನ್ನೂ. ಎಡಗಡೆ ಇರ್ಬೇಕು. ಒಲೆ ಮುಂದೆ ಕೂತು ಊದೋಳು, ಬೆಂಕಿ ಎದ್ದಾಗ ಕಲ್ಲು ಹೊಳೆಯೋದು. ಅಷ್ಟು ಕಾಣ್ತಿತ್ತು ನನಗೆ, ಕಲ್ಲು. ನಾನು ಬಾಗಿಲ ಹತ್ರ ಕೂರ್ತಿದ್ದೆ, ಓಡೋಕೆ ಸುಲಭ ಅಂತ. ಒಲೆ ಆ ಮೂಲೆ. ಅಂದ್ರೆ ಅವಳು ಹಿಂಗೆ ತಿರುಗಿದ್ರೆ, ನನ್ನ ಕಡೆಗಿರ್ತಿದ್ದಿದ್ದು... ಒಲೆ ಆ ಮೂಲೇಲಿತ್ತಾ, ಈ ಮೂಲೇಲಿತ್ತಾ...

ಏನಾದ್ರೂ ಅನ್ನೋ ಕದಿರೇಶ. ಇಷ್ಟು ಬೈದೆ, ತಿರುಗಿ ಒಂದಾದ್ರೂ ಬೈಯಿ. ಪೆನ್ನು ಎತ್ಕೊಂಡು ಹಂಗೇ ಕೂತಿದೀಯಲ್ಲ, ನಿಬ್ಬಲ್ಲಿ ಶಾಯಿ ಒಣಗ್ತಿದೆ.

ಬಲಗಡೆ ಹಾಕು.

ಹಾಕೋ ಅಂದೆ. ಯಾರು ನೋಡಿದಾರೆ.